ಹಳೇ ಗೋವಾದ ಕಾನ್ವೆಂಟ್ ಈಗ ಮ್ಯೂಸಿಯಂ. ನಮ್ಮೂರ ಖಾಲಿ ಮಠಕ್ಕೆ ಏನು ಮಾಡಬಹುದು?

ಯಲಬುರ್ಗಾ ಕಡೆಯವ

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮೂರಲ್ಲಿ ಒಂದು ಹಳೆಯ ಮಠ ಇದೆ. ಯಲಬುರ್ಗಾ ತಾಲೂಕು, ಊರ ಹೆಸರು ಸದ್ಯಕ್ಕೆ ಬೇಡ. ನಡುವೆ ತೆರೆದ ಅಂಗಳ. ಸುತ್ತ ನಾಲ್ಕೂ ಕಡೆ ಕಲ್ಲುಕಂಬದ ಪಡಸಾಲೆ. ಅದರ ಹಿಂದೆ ಸಣ್ಣ ಸಣ್ಣ ಕೋಣೆಗಳು. ಸ್ವಾಮಿಗಳು ಊರಾಚೆ ಕಟ್ಟಿದ ಹೊಸ ಮಠಕ್ಕೆ ಹೋದ ಮೇಲೆ ಇದು ಖಾಲಿ ಬಿದ್ದಿದೆ. ಮೂಲೆಯಲ್ಲಿ ಹಿರಿಯ ಗುರುಗಳ ಗದ್ದುಗೆ ಇದೆ, ಸೋಮವಾರ ಬಾಗಿಲು ತೆಗೆದು ದೀಪ ಹಚ್ಚುತ್ತಾರೆ. ಉಳಿದ ದಿನ ಬಾಗಿಲಿಗೆ ಬೀಗ. ಈಗ ಊರಲ್ಲಿ ಮಾತು ಎದ್ದಿದೆ. ಕೆಡವಿ ಕಲ್ಯಾಣ ಮಂಟಪ ಕಟ್ಟೋಣ ಅನ್ನುವವರು ಜಾಸ್ತಿ. ಹಾಗೇ ಉಳಿಸಿ ಊರಿನ ಉಪಯೋಗಕ್ಕೆ ತರೋಣ ಅನ್ನುವವರು ಕಡಿಮೆ. ನಾನು ಆ ಕಡಿಮೆಯವರಲ್ಲಿ ಒಬ್ಬ.

ಇದೇ ತಲೆಯಲ್ಲಿ ಕೊರೆಯುತ್ತಿದ್ದಾಗ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಗೋವಾಕ್ಕೆ ಹೋಗುವುದು ಬಂತು. ಜೊತೆಯವರಿಗೆ ಬೀಚ್ ಬೇಕಿತ್ತು. ನಾನು ಅವರನ್ನು ಅಲ್ಲೇ ಬಿಟ್ಟು ಹಳೇ ಗೋವಾ ನೋಡಲು ಹೋದೆ. ಅಲ್ಲಿ ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚಿಗೆ ಅಂಟಿಕೊಂಡೇ ಒಂದು ಕಾನ್ವೆಂಟ್ ಇದೆ. ಕಾನ್ವೆಂಟ್ ಅಂದರೆ ಇಲ್ಲಿ ಶಾಲೆಯಲ್ಲ, ಕ್ರೈಸ್ತ ಸನ್ಯಾಸಿಗಳ ಮಠ. ಫ್ರಾನ್ಸಿಸ್ಕನ್ ಸನ್ಯಾಸಿಗಳು 1517ರಲ್ಲಿ ಗೋವಾಕ್ಕೆ ಬಂದವರು. ಈಗ ಕಾಣುವ ಚರ್ಚು 1661ರದ್ದು. ಕಾನ್ವೆಂಟಿನೊಳಗೆ ಕಾಲಿಟ್ಟರೆ ನಮ್ಮೂರ ಮಠದ ನಕ್ಷೆಯೇ. ನಡುವೆ ಅಂಗಳ, ಸುತ್ತ ಕಮಾನಿನ ಪಡಸಾಲೆ. ಸನ್ಯಾಸಿಗಳು ಮಳೆಯಲ್ಲಿ ನೆನೆಯದೆ, ಬಿಸಿಲಲ್ಲಿ ಬೇಯದೆ, ಮೌನವಾಗಿ ಸುತ್ತು ಹಾಕುತ್ತಾ ಪ್ರಾರ್ಥನೆ ಮಾಡುತ್ತಿದ್ದ ಜಾಗ. 1964ರಿಂದ ಅದು ಪುರಾತತ್ವ ಸರ್ವೇಕ್ಷಣೆಯ ಮ್ಯೂಸಿಯಂ. ವೀರಗಲ್ಲು, ಮಾಸ್ತಿಗಲ್ಲು ಎಲ್ಲ ಅಲ್ಲಿವೆ. ಮಹಡಿಯಲ್ಲಿ ಪೋರ್ಚುಗೀಸ್ ವೈಸರಾಯ್‌ಗಳ ಸಾಲು ಸಾಲು ಚಿತ್ರಗಳು. ಗೋವಾ ಗೆದ್ದ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕನ ಕಂಚಿನ ಮೂರ್ತಿಯೂ ಅಲ್ಲೇ. ಒಂದು ಕಾಲಕ್ಕೆ ಸನ್ಯಾಸಿಗಳಿಗೆ ಬಿಟ್ಟರೆ ಬೇರೆಯವರಿಗೆ ಪ್ರವೇಶ ಇಲ್ಲದ ಕಡೆ ಈಗ ಯಾರು ಬೇಕಾದರೂ ಟಿಕೆಟ್ ತಗೊಂಡು ಒಳಗೆ ಹೋಗುತ್ತಾರೆ. (ಹೋಗುವವರು ಗಮನಿಸಿ, ಶುಕ್ರವಾರ ರಜೆ.)

ಅಲ್ಲಿಂದ ನಡೆದು ಗುಡ್ಡ ಹತ್ತಿದರೆ ಸಾಂತಾ ಮೋನಿಕಾ ಸಿಗುತ್ತದೆ. ಇದು ಸನ್ಯಾಸಿನಿಯರ ಕಾನ್ವೆಂಟ್. 1606ರಲ್ಲಿ ಕಟ್ಟಲು ಶುರು ಮಾಡಿ 1627ಕ್ಕೆ ಮುಗಿಸಿದ್ದು. ಮೂರಂತಸ್ತು, ಕೋಟೆಯಂಥ ಗೋಡೆ. ಅದರ ಚರ್ಚಿನ ಭಾಗದಲ್ಲಿ ಈಗ ಕ್ರೈಸ್ತ ಕಲೆಯ ಮ್ಯೂಸಿಯಂ ಇದೆ. ಕಾನ್ವೆಂಟಿನಲ್ಲಿ 1964ರಿಂದ ಸನ್ಯಾಸಿನಿಯರಿಗೆ ಪಾಠ ಹೇಳುವ ಸಂಸ್ಥೆ ನಡೆಯುತ್ತಿದೆ. ಅದಕ್ಕೆ ಎದುರುಬದುರಾಗಿ ಸೇಂಟ್ ಆಗಸ್ಟೀನ್ ಕಾನ್ವೆಂಟಿನ ಅವಶೇಷ. 1835ರಲ್ಲಿ ಖಾಲಿ ಮಾಡಿಸಿದರು, 1842ರಲ್ಲಿ ಚರ್ಚಿನ ಛಾವಣಿ ಕುಸಿಯಿತು. ಏಳೇ ವರ್ಷ! 1931ರಲ್ಲಿ ಮುಂಭಾಗವೂ ಹೋಯಿತು. ಈಗ 46 ಮೀಟರ್ ಎತ್ತರದ ಗೋಪುರದ ಒಂದು ಪಾಲು ಮಾತ್ರ ನಿಂತಿದೆ.

ಒಂದೇ ಊರು, ಒಂದೇ ಕೆಂಪುಕಲ್ಲು, ಒಂದೇ ಮಳೆ. ಜನ ಓಡಾಡಿದ ಎರಡು ಉಳಿದಿವೆ, ಬೀಗ ಬಿದ್ದದ್ದು ಕುಸಿದಿದೆ. ನಮ್ಮ ಮಠಕ್ಕೂ ಬೀಗ ಬಿದ್ದು ವರ್ಷಗಳಾದವು. ಯಾರಾದರೂ ಇಂಥ ಕೆಲಸ ಕಂಡಿದ್ದರೆ, ಮಾಡಿದ್ದರೆ ಹೇಳಿ.

ಕೌಲ್‌ಬಜಾರ್ ಹುಡುಗ

ಅಣ್ಣಾ, ನಿಮ್ಮ ಮನಸ್ಸಿಗೆ ನೋವು ಮಾಡುವ ಉದ್ದೇಶ ಇಲ್ಲ. ಆದರೆ ಕಲ್ಯಾಣ ಮಂಟಪ ಅನ್ನುವವರ ಮಾತಲ್ಲೂ ನ್ಯಾಯ ಇದೆ. ಊರಲ್ಲಿ ಮದುವೆ ಮಾಡಬೇಕು ಅಂದರೆ ಹುಡುಗಿ ಕಡೆಯವರು ಕೊಪ್ಪಳಕ್ಕೋ ಗದಗಿಗೋ ಹೋಗಬೇಕು. ಬಾಡಿಗೆ, ಬಸ್ಸು, ಊಟ ಎಲ್ಲ ಸೇರಿ ಬಡವರ ಬೆನ್ನು ಮುರಿಯುತ್ತದೆ. ಊರಲ್ಲೇ ಮಂಟಪ ಇದ್ದರೆ ಆ ಖರ್ಚು ಉಳಿಯಿತು, ಬಾಡಿಗೆ ದುಡ್ಡು ಊರಿಗೇ ಬಂತು. ಮ್ಯೂಸಿಯಂ ಮಾಡಿದರೆ ಯಾರು ಬರುತ್ತಾರೆ? ಗೋವಾಕ್ಕೆ ಜಗತ್ತೇ ಬರುತ್ತದೆ. ಯಲಬುರ್ಗಾಕ್ಕೆ ಯಾರು ಬರುತ್ತಾರೆ ಹೇಳಿ.

ಯಲಬುರ್ಗಾ ಕಡೆಯವ

ಮ್ಯೂಸಿಯಂ ಮಾಡಬೇಕು ಅಂತ ನಾನೆಲ್ಲಿ ಹೇಳಿದೆ? ಕೆಡವಬಾರದು ಅಂದೆ, ಅಷ್ಟೇ. ಆಮೇಲೆ ಇಟಗಿ ಮಹಾದೇವ ದೇವಸ್ಥಾನ ನೋಡಲು ಜನ ನಮ್ಮ ಕಡೆಗೇ ಬರುತ್ತಾರೆ. 1112ರಲ್ಲಿ ಕಟ್ಟಿದ್ದು, ಇನ್ನೂ ನಿಂತಿದೆ. ನಮ್ಮ ಕಡೆಯನ್ನು ಅಷ್ಟು ಕಡೆಗಣಿಸಬೇಡಿ.

ನಿದ್ದೆಗೆಟ್ಟವ ಸಿಂಧನೂರು

ಫೋಟೋ ಹಾಕಿ ಸರ್.

ರಾಯಚೂರು ಟೀಚರ್

ಇಂಥ ಚರ್ಚೆ ನೋಡಿ ಖುಷಿಯಾಯಿತು. ಮೂವತ್ತು ಚಿಲ್ಲರೆ ವರ್ಷ ಇತಿಹಾಸ ಪಾಠ ಮಾಡಿದವಳು, ಸುಮ್ನೆ ಇರಲು ಆಗುವುದಿಲ್ಲ.

ಮೊದಲು ಗೋವಾದ ವಿಷಯ. "ಬೀಗ ಬಿತ್ತು, ಅದಕ್ಕೇ ಕುಸಿಯಿತು" ಅನ್ನುವುದು ಅರ್ಧ ಕಥೆ. ಪೋರ್ಚುಗಲ್ ಸರ್ಕಾರ 1834ರಲ್ಲಿ ಸನ್ಯಾಸಿ ಸಂಘಗಳನ್ನೇ ರದ್ದು ಮಾಡಿತು. ಮರುವರ್ಷ ಅದು ಗೋವಾಕ್ಕೂ ಬಂತು. ಅಷ್ಟರಲ್ಲಿ ಊರೇ ಖಾಲಿಯಾಗಿತ್ತು. ಸಾಂಕ್ರಾಮಿಕ ರೋಗಗಳ ಕಾಟಕ್ಕೆ ಜನ ಮೊದಲೇ ಪಣಜಿ ಕಡೆ ಹೋಗಿದ್ದರು, 1843ರಲ್ಲಿ ರಾಜಧಾನಿಯೂ ಅಧಿಕೃತವಾಗಿ ಅಲ್ಲಿಗೆ ಹೋಯಿತು. ಸುತ್ತ ಊರೇ ಇಲ್ಲದಿದ್ದರೆ ಒಂದು ಕಟ್ಟಡವನ್ನು ಯಾರು ನೋಡಿಕೊಳ್ಳುತ್ತಾರೆ? ಆಗಸ್ಟೀನ್ ಗೋಪುರದ ದೊಡ್ಡ ಗಂಟೆ ಮೊದಲು ಅಗ್ವಾದ ಕೋಟೆಯ ದೀಪಸ್ತಂಭಕ್ಕೆ ಹೋಯಿತು, 1871ರಲ್ಲಿ ಪಣಜಿಯ ಚರ್ಚಿಗೆ ಬಂತು. ಈಗಲೂ ಅಲ್ಲೇ ಇದೆ. ಕಟ್ಟಡ ಬೀಳುವ ಮೊದಲು ಅದರ ಸಾಮಾನು ಹೋಗುತ್ತದೆ. ನಿಮ್ಮ ಮಠದ ಬಾಗಿಲುವಾಡದ ಕೆತ್ತನೆ, ಹಿತ್ತಾಳೆ ಸಾಮಾನು, ತಾಳೆಗರಿ ಏನಾದರೂ ಇದ್ದರೆ ಇವತ್ತೇ ಪಟ್ಟಿ ಮಾಡಿ ಇಡಿ.

ಸಾಂತಾ ಮೋನಿಕಾ ಕಥೆ ಇನ್ನೂ ಬೇರೆ. ಇದ್ದ ಸನ್ಯಾಸಿನಿಯರನ್ನು ಹೊರಗೆ ಹಾಕಲಿಲ್ಲ, ಹೊಸಬರನ್ನು ಸೇರಿಸಿಕೊಳ್ಳಲು ಬಿಡಲಿಲ್ಲ. ಒಬ್ಬೊಬ್ಬರೇ ಮುದುಕಿಯರಾಗಿ ತೀರಿಹೋದರು. ಕೊನೆಯವರು 1885ರಲ್ಲಿ. ಐವತ್ತು ವರ್ಷ ಅಷ್ಟು ದೊಡ್ಡ ಕಟ್ಟಡದಲ್ಲಿ ದಿನದಿನಕ್ಕೆ ಕಡಿಮೆಯಾಗುತ್ತಾ ಬದುಕಿದ ಆ ಹೆಂಗಸರ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಆಮೇಲೆ ಅಲ್ಲಿ ಸೈನಿಕರು ಬಂದು ಕೂತರು.

ಈ "ಸೈನಿಕರು ಬಂದು ಕೂತರು" ಅನ್ನುವುದು ಎಲ್ಲ ಕಡೆ ಬರುತ್ತದೆ. ಫ್ರಾನ್ಸಿನ ಕೋಲ್ಮಾರ್‌ನಲ್ಲಿ ಡೊಮಿನಿಕನ್ ಸನ್ಯಾಸಿನಿಯರ 13ನೇ ಶತಮಾನದ ಕಾನ್ವೆಂಟ್ ಇತ್ತು. ಕ್ರಾಂತಿಯ ಕಾಲದಲ್ಲಿ ಅವರನ್ನು ಹೊರಗೆ ಹಾಕಿದರು, ಸೈನ್ಯದ ಬ್ಯಾರಕ್ ಮಾಡಿದರು. ಕೆಡವುವ ಮಾತೂ ಬಂತು. ಆ ಊರಿನ ಕಲಾಸಕ್ತರು ಸೇರಿ 1853ರಲ್ಲಿ ಅದನ್ನು ಮ್ಯೂಸಿಯಂ ಮಾಡಿದರು. ಅದೇ ಉಂಟರ್‌ಲಿಂಡನ್ ಮ್ಯೂಸಿಯಂ. ಐಸೆನ್‌ಹೈಮ್‌ನ ಪ್ರಸಿದ್ಧ ಚಿತ್ರಫಲಕಗಳು ಅಲ್ಲೇ ಇವೆ. 2015ರಲ್ಲಿ ಪಕ್ಕದಲ್ಲಿ ಹೊಸ ಕಟ್ಟಡ ಸೇರಿಸಿದರು. ಹಳೆಯ ಪಡಸಾಲೆ ಮಾತ್ರ ಹಾಗೇ ಇದೆ. ಫ್ಲಾರೆನ್ಸಿನ ಸಾನ್ ಮಾರ್ಕೊ 1869ರಲ್ಲಿ ಮ್ಯೂಸಿಯಂ ಆಯಿತು. ಅಲ್ಲಿ ಬೇರೆ ಕಡೆಯಿಂದ ಏನೂ ತಂದು ಇಡುವ ಅಗತ್ಯವೇ ಇರಲಿಲ್ಲ. ಸನ್ಯಾಸಿಗಳ ಕೋಣೆ ಕೋಣೆಯ ಗೋಡೆಯ ಮೇಲೂ ಚಿತ್ರಕಾರ ಸನ್ಯಾಸಿ ಫ್ರಾ ಆಂಜೆಲಿಕೊ ಮತ್ತು ಅವನ ಜೊತೆಯವರು ಬರೆದ ಚಿತ್ರ ಇದೆ. ಲಿಸ್ಬನ್ನಿನ ಸಾವೊ ಬೆಂಟೊ ಮಠ ಈಗ ಪೋರ್ಚುಗಲ್ ಪಾರ್ಲಿಮೆಂಟ್!

ಕೌಲ್‌ಬಜಾರ್ ತಮ್ಮನಿಗೆ ಒಂದು ಉದಾಹರಣೆ. ಮೆಕ್ಸಿಕೊ ನಗರದ ಸಾನ್ ಹೆರೋನಿಮೊ ಕಾನ್ವೆಂಟ್, 1585ರದ್ದು. ಕವಯಿತ್ರಿ ಸೋರ್ ಹುವಾನಾ ಬದುಕಿ, ಬರೆದು, 1695ರಲ್ಲಿ ತೀರಿಕೊಂಡ ಜಾಗ. ಸನ್ಯಾಸಿನಿಯರು ಹೋದ ಮೇಲೆ ಬ್ಯಾರಕ್ ಆಯಿತು, ಸೈನ್ಯದ ಆಸ್ಪತ್ರೆ ಆಯಿತು, ಇಪ್ಪತ್ತನೇ ಶತಮಾನದಲ್ಲಿ ಅದರ ಒಂದು ಭಾಗ ಡ್ಯಾನ್ಸ್ ಕ್ಲಬ್ ಆಯಿತು. ಆಮೇಲೆ 1979ರಲ್ಲಿ ಅಲ್ಲಿ ವಿದ್ಯಾಸಂಸ್ಥೆ ಬಂತು. ಈಗ ಅದು ಅವಳದೇ ಹೆಸರಿನ ವಿಶ್ವವಿದ್ಯಾಲಯ. ಕಟ್ಟಡ ಇದ್ದದ್ದಕ್ಕೆ ತಾನೇ ಡ್ಯಾನ್ಸ್ ಕ್ಲಬ್ ಹೋಗಿ ವಿದ್ಯೆ ಬರಲು ಸಾಧ್ಯವಾಯಿತು? ಕೆಡವಿದರೆ ಮುಂದಿನವರಿಗೆ ಯೋಚಿಸಲೂ ಏನೂ ಇರುವುದಿಲ್ಲ.

ಕೌಲ್‌ಬಜಾರ್ ಹುಡುಗ

ಟೀಚರ್, ನೀವೇ ಹೇಳಿದಿರಿ ನೋಡಿ, ಡ್ಯಾನ್ಸ್ ಕ್ಲಬ್ ಇದ್ದರೂ ಕಟ್ಟಡ ಉಳಿಯಿತು. ಹಾಗಾದರೆ ಕೆಡವದೆ ಅಂಗಳದಲ್ಲೇ ಮದುವೆ ಮಾಡಲಿ. ಮೇಲೆ ಶಾಮಿಯಾನ, ಪಡಸಾಲೆಯಲ್ಲಿ ಊಟದ ಪಂಕ್ತಿ. ಎಷ್ಟು ಚಂದ!

ಗಾರೆ ಮೇಸ್ತ್ರಿ ಗಂಗಾವತಿ

ಶಾಮಿಯಾನದ ಹಗ್ಗ ಎಲ್ಲಿಗೆ ಕಟ್ಟುತ್ತಾರೆ? ಕಲ್ಲುಕಂಬಕ್ಕೆ. ಇಲ್ಲದಿದ್ದರೆ ಮೊಳೆ ಹೊಡೆಯುತ್ತಾರೆ. ಅಡಿಗೆ ಒಲೆ ಎಲ್ಲಿ ಹೂಡುತ್ತಾರೆ? ಹಿಂದಿನ ಕೋಣೆಯಲ್ಲಿ. ಹೊಗೆ, ಎಣ್ಣೆ ಜಿಡ್ಡು, ನೀರು. ಎರಡು ಸೀಸನ್ ಮದುವೆ ಆದರೆ ಸಾಕು, ಆ ಗೋಡೆ ಗುರುತು ಸಿಗದ ಹಾಗೆ ಆಗುತ್ತದೆ. ಆಮೇಲೆ "ಹಳೇದು ಗಲೀಜಾಗಿದೆ" ಅಂತ ಅವರೇ ಆಯಿಲ್ ಪೇಂಟ್ ಬಳಿಯುತ್ತಾರೆ. ನಾನು ಇಂಥ ಕಂಬಗಳ ಮೇಲಿಂದ ಪೇಂಟ್ ತೆಗೆಯುವ ಕೆಲಸ ಮಾಡಿದವನು. ಮರಳು ಊದಿ ತೆಗೆದರೆ ಪೇಂಟಿನ ಜೊತೆ ಕೆತ್ತನೆಯೂ ಹೋಗುತ್ತದೆ. ಕೈಯಿಂದ ತೆಗೆಯಬೇಕು. ಸೊಂಟ ಬಿದ್ದುಹೋಗುತ್ತದೆ.

ಯಲಬುರ್ಗಾ ಅಣ್ಣಾವ್ರೇ, ಏನು ಮಾಡಬೇಕು ಅನ್ನುವುದು ಆಮೇಲೆ. ಮೊದಲು ಇಷ್ಟು ಹೇಳಿ: ಛಾವಣಿ ಏನು? ಮಣ್ಣಿನ ಮಾಳಿಗೆಯೋ, ಕಲ್ಲು ಚಪ್ಪಡಿಯೋ? ಅಂಗಳದ ನೀರು ಎಲ್ಲಿಂದ ಹೊರಗೆ ಹೋಗುತ್ತದೆ? ಯಾರಾದರೂ ಸಿಮೆಂಟ್ ಹಚ್ಚಿದ್ದಾರಾ?

ಯಲಬುರ್ಗಾ ಕಡೆಯವ

ಪಡಸಾಲೆಗೆ ಕಲ್ಲು ಚಪ್ಪಡಿ, ಅದರ ಮೇಲೆ ಗಾರೆ. ಹಿಂದಿನ ಕೋಣೆಗಳಿಗೆ ಜಂತಿ, ಮೇಲೆ ಮಣ್ಣು. ಎರಡು ಕೋಣೆ ಸೋರುತ್ತವೆ. ಅಂಗಳದಲ್ಲಿ ಒಂದು ತೂಬು ಇದೆ, ಹೂಳು ತುಂಬಿದೆ ಅನ್ನಿಸುತ್ತದೆ. ಜೋರು ಮಳೆಗೆ ನೀರು ನಿಲ್ಲುತ್ತದೆ. ಬಾಗಿಲ ಪಕ್ಕದ ಗೋಡೆಗೆ ಯಾರೋ ದಾನಿಗಳು ಸಿಮೆಂಟ್ ಗಿಲಾವು ಮಾಡಿಸಿ ಹೆಸರು ಬರೆಸಿಕೊಂಡಿದ್ದಾರೆ.

ಗಾರೆ ಮೇಸ್ತ್ರಿ ಗಂಗಾವತಿ

ಅಂದುಕೊಂಡೆ. ಕೇಳಿ.

ಹಳೆಯ ಗೋಡೆ ಉಸಿರಾಡುತ್ತದೆ. ನೆಲದಿಂದ ತೇವ ಮೇಲೇರುತ್ತದೆ, ಸುಣ್ಣದ ಗಿಲಾವಿನ ಮೂಲಕ ಗಾಳಿಗೆ ಆರಿ ಹೋಗುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿತು. ತೇವ ಒಳಗೇ ಕೂರುತ್ತದೆ, ಉಪ್ಪು ಕಟ್ಟುತ್ತದೆ, ಕಲ್ಲು ಪುಡಿಯಾಗುತ್ತದೆ. ಹೊರಗಿಂದ ನೋಡಿದರೆ ಗಟ್ಟಿ, ಒಳಗೆ ಟೊಳ್ಳು. ಗೋವಾದ ಕೆಂಪುಕಲ್ಲಿಗೂ ಇದೇ ಮಾತು. ಅಲ್ಲಿನ ಮಳೆಗೆ ಸುಣ್ಣದ ಗಿಲಾವು ಕಿತ್ತರೆ ಕಲ್ಲು ತಡೆಯುವುದಿಲ್ಲ.

ಸುಣ್ಣದ ಕೆಲಸಕ್ಕೆ ಸಮಯ ಬೇಕು. ಸುಣ್ಣವನ್ನು ತೊಟ್ಟಿಯಲ್ಲಿ ಅರಳಿಸಿ ವಾರಗಟ್ಟಲೆ ನೀರಲ್ಲಿ ಬಿಡಬೇಕು. ಮರಳು, ಇಟ್ಟಿಗೆ ಪುಡಿ ಹಾಕಿ ಅರೆಯಬೇಕು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಾರೆ. ಹಚ್ಚಿದ ಮೇಲೆ ನೆರಳಲ್ಲಿ ನಿಧಾನ ಆರಬೇಕು. ಏಪ್ರಿಲ್ ಬಿಸಿಲಲ್ಲಿ ಹಚ್ಚಿ ಓಡಿಹೋದರೆ ಬಿರುಕು ಗ್ಯಾರಂಟಿ. ಟೆಂಡರ್ ಕೆಲಸದವರಿಗೆ ಈ ತಾಳ್ಮೆ ಇರುವುದಿಲ್ಲ, ಮಾರ್ಚ್ ಕೊನೆಗೆ ಬಿಲ್ ಆಗಬೇಕಲ್ಲ.

ಕೆಲಸ ಮೇಲಿಂದ ಕೆಳಗೆ ಬರಬೇಕು. ಮೊದಲು ಛಾವಣಿ, ಆಮೇಲೆ ನೀರಿನ ದಾರಿ, ಆಮೇಲೆ ಗೋಡೆ, ಕೊನೆಗೆ ನೆಲ. ನಮ್ಮವರು ಮೊದಲು ಗ್ರಾನೈಟ್ ನೆಲ ಹಾಕಿಸುತ್ತಾರೆ. ಯಾಕಂದರೆ ಉದ್ಘಾಟನೆಗೆ ಅದು ಕಾಣುತ್ತದೆ. ನೆಲಕ್ಕೆ ಗ್ರಾನೈಟ್ ಬಡಿದರೆ ನೆಲದ ತೇವವೂ ಗೋಡೆಗೇ ಹೋಗುತ್ತದೆ. ಇದ್ದ ಕಲ್ಲುಹಾಸನ್ನೇ ಎತ್ತಿ ಮಟ್ಟ ಮಾಡಿ ಕೂರಿಸಿ. ತೂಬು ಬಿಡಿಸಿ. ಅಂಗಳಕ್ಕೆ ತಗಡಿನ ಛಾವಣಿ ಹಾಕಲು ಯಾರಾದರೂ ಬಂದರೆ ಓಡಿಸಿ. ಅಂಗಳ ಮುಚ್ಚಿದರೆ ಪಡಸಾಲೆಯ ತಂಪೂ ಹೋಯಿತು, ಬೆಳಕೂ ಹೋಯಿತು.

ಶೌಚಾಲಯ ಕಟ್ಟಡದ ಹೊರಗೆ, ದೂರದಲ್ಲಿ. ಒಳಗೆ ಕಟ್ಟಿದರೆ ಪೈಪ್ ಸೋರಿ ಗೋಡೆ ಹಾಳು. ವೈರಿಂಗ್ ಗೋಡೆ ಕೊರೆದು ಮಾಡಬೇಡಿ, ಮೇಲೆ ಪಟ್ಟಿಯಲ್ಲಿ ಎಳೆಯಿರಿ. ನಾಳೆ ಬೇಡ ಅಂದರೆ ಬಿಚ್ಚಲು ಬರಬೇಕು.

ನಿದ್ದೆಗೆಟ್ಟವ ಸಿಂಧನೂರು

ಮೇಸ್ತ್ರಿ ಸರ್ ಬರೆದದ್ದನ್ನು ಸೇವ್ ಮಾಡಿ ಇಟ್ಟುಕೊಂಡೆ. 🙏

ನನ್ನ ಓಟು ಗ್ರಂಥಾಲಯಕ್ಕೆ. ಪಿಡಿಒ, ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ನೌಕರಿ ಪರೀಕ್ಷೆಗೆ ಓದುವ ಹುಡುಗರು ನಮ್ಮ ಕಡೆ ಪ್ರತಿ ಊರಲ್ಲೂ ಇದ್ದಾರೆ. ಮನೆಯಲ್ಲಿ ಜಾಗ ಇಲ್ಲ. ಟೀವಿ, ದನ, ಮಕ್ಕಳು. ನಾನು ದಿನಾ ಸಿಂಧನೂರಿನಲ್ಲಿ ದುಡ್ಡು ಕೊಟ್ಟು ಒಂದು ರೀಡಿಂಗ್ ರೂಮಿನಲ್ಲಿ ಕೂರುತ್ತೇನೆ. ಕಿಟಕಿಯೇ ಇಲ್ಲ, ಮೇ ತಿಂಗಳಲ್ಲಿ ಒಲೆಯೊಳಗೆ ಕೂತ ಹಾಗೆ. ಕಲ್ಲಿನ ಪಡಸಾಲೆ ಸಿಕ್ಕರೆ ಅದಕ್ಕಿಂತ ಏನು ಬೇಕು? ಎಸಿ ಬೇಡ. ಪ್ಲಗ್ ಪಾಯಿಂಟ್, ಕುಡಿಯುವ ನೀರು, ಶೌಚಾಲಯ, ರಾತ್ರಿ ಹತ್ತರವರೆಗೆ ಲೈಟು. ಪುಸ್ತಕ ನಾವೇ ತರುತ್ತೇವೆ.

ಕೌಲ್‌ಬಜಾರ್ ಹುಡುಗ

ಎಲ್ಲ ಸರಿ. ಲೈಟ್ ಬಿಲ್ ಯಾರು ಕಟ್ಟುತ್ತಾರೆ? ನನ್ನ ಪ್ರಶ್ನೆ ಅದೇ. ಉದ್ಘಾಟನೆಗೆ ಶಾಸಕರು ಬರುತ್ತಾರೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ (ಕೆಕೆಆರ್‌ಡಿಬಿ) ದುಡ್ಡು ತರುತ್ತಾರೆ, ಫಲಕ ಹಾಕುತ್ತಾರೆ. ಮೂರನೇ ವರ್ಷ ಬಲ್ಬ್ ಹೋದರೆ ಹಾಕುವವರು ಯಾರು? ಕಲ್ಯಾಣ ಮಂಟಪ ಅಂದರೆ ಅದರ ಬಾಡಿಗೆಯಲ್ಲೇ ಅದು ನಡೆಯುತ್ತದೆ. ನೀವು ಬೇಕಾದರೆ ನನ್ನನ್ನು ಬೈಯಿರಿ, ಆದರೆ ಇದಕ್ಕೆ ಉತ್ತರ ಹೇಳಿ.

ರಾಯಚೂರು ಟೀಚರ್

ಬೈಯುವುದು ಯಾಕೆ, ಇದೇ ಸರಿಯಾದ ಪ್ರಶ್ನೆ. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ಶೇ. 6 ಗ್ರಂಥಾಲಯ ಕರ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಅನ್ನುತ್ತಾರೆ. ಊರಲ್ಲಿ ಅರಿವು ಕೇಂದ್ರ ಈಗ ಎಲ್ಲಿದೆ ನೋಡಿ. ಸಾಮಾನ್ಯವಾಗಿ ಪಂಚಾಯಿತಿಯ ಒಂದು ಕತ್ತಲೆ ಕೋಣೆ. ಅದನ್ನೇ ಮಠದ ಪಡಸಾಲೆಗೆ ತಂದರೆ ಹೊಸ ಹುದ್ದೆ ಬೇಡ. ಇರುವ ಮೇಲ್ವಿಚಾರಕರೇ ಬಾಗಿಲು ತೆಗೆದು ಹಾಕಿ ಮಾಡುತ್ತಾರೆ. ಲೈಟ್ ಬಿಲ್ ಪಂಚಾಯಿತಿಗೆ ಬರುತ್ತದೆ. ಛಾವಣಿ ರಿಪೇರಿಗೆ ಮಾತ್ರ ಬೇರೆ ದುಡ್ಡು ಬೇಕು. ಅದನ್ನು ಮೊದಲೇ ಬರೆದು ಒಪ್ಪಂದ ಮಾಡಿಕೊಳ್ಳಬೇಕು.

ಹೊಸಪೇಟೆ ಗೈಡ್

"ಸಾರ್ವಜನಿಕ ಉಪಯೋಗ" ಅಂದ ಕೂಡಲೇ ಎಲ್ಲರೂ ಚಪ್ಪಾಳೆ ಹೊಡೆಯುತ್ತೀರಿ. ಹಂಪಿಯಲ್ಲಿ ಏನಾಯಿತು ನೆನಪಿದೆಯಾ? ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲು ಮಂಟಪಗಳಲ್ಲಿ ಜನ ಅಂಗಡಿ ಇಟ್ಟಿದ್ದರು, ಸಂಸಾರ ಮಾಡಿಕೊಂಡಿದ್ದರು. ಕಲ್ಲಿನ ಮಂಟಪದ ಮುಂದೆ ಗೋಡೆ ಕಟ್ಟಿ, ಶಟರ್ ಹಾಕಿ, ಸ್ಮಾರಕ ಹಾಳು ಮಾಡಿದ್ದೂ ನಿಜ. ಆದರೆ 2011ರ ಜುಲೈನಲ್ಲಿ ಜೆಸಿಬಿ ತಂದು ಎಬ್ಬಿಸಿದ ರೀತಿ ನೋಡಿದವರಿಗೆ ಈಗಲೂ ನಿದ್ದೆ ಬರುವುದಿಲ್ಲ. ಕಡ್ಡಿರಾಂಪುರದಲ್ಲಿ ಜಾಗ ಕೊಡುತ್ತೇವೆ ಅಂದರು. ಜನ ಎಷ್ಟು ಕಾಲ ಕಾದರು! ಈಗ ಬಜಾರು ಸ್ವಚ್ಛವಾಗಿದೆ. ಪ್ರವಾಸಿಗಳು ಫೋಟೋ ತೆಗೆಯುತ್ತಾರೆ. ಸಂಜೆ ಆದರೆ ಅಲ್ಲಿ ಮನುಷ್ಯರೇ ಇಲ್ಲ.

ಹಳೇ ಗೋವಾ ಮತ್ತು ಹಂಪಿ ಎರಡೂ 1986ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಗೋವಾದ ಚರ್ಚುಗಳಲ್ಲಿ ಪೂಜೆ ನಡೆಯುತ್ತದೆ, ಪಕ್ಕದಲ್ಲಿ ಮ್ಯೂಸಿಯಂ ನಡೆಯುತ್ತದೆ. ನಮ್ಮಲ್ಲಿ ವಿರೂಪಾಕ್ಷ ಬಿಟ್ಟರೆ ಉಳಿದದ್ದೆಲ್ಲ ಸೂರ್ಯ ಮುಳುಗಿದ ಮೇಲೆ ಗೇಟು. ಮೊದಲು ಹಂಪಿಯ ಶಿಲ್ಪಗಳನ್ನು ಆನೆಲಾಯದಲ್ಲೇ ಇಟ್ಟಿದ್ದರು. 1972ರಲ್ಲಿ ಕಮಲಾಪುರದ ಹೊಸ ಕಟ್ಟಡಕ್ಕೆ ಸಾಗಿಸಿದರು. ತಮಾಷೆ ಏನಂದರೆ ಆ ಹೊಸ ಮ್ಯೂಸಿಯಂ ನೋಡಿ: ನಡುವೆ ತೆರೆದ ಅಂಗಳ, ಅದರಲ್ಲಿ ಹಂಪಿ ಕಣಿವೆಯ ಮಾದರಿ, ಸುತ್ತ ನಡೆದು ನೋಡಬೇಕು. ಹೊಸದು ಕಟ್ಟುವಾಗ ಅಂಗಳ ಬೇಕು ಅನ್ನಿಸಿತು. ಇದ್ದ ಹಳೆಯ ಅಂಗಳಗಳಿಗೆ ಬೀಗ.

ಯಲಬುರ್ಗಾ ಸಾಹೇಬರೇ, ಮಠದ ಕೋಣೆಗಳಲ್ಲಿ ಈಗ ಯಾರಾದರೂ ಇದ್ದಾರಾ? ಕೆಲಸದವರು, ಮುದುಕರು, ಯಾರಾದರೂ? ಇದ್ದರೆ ಅವರಿಂದ ಶುರು ಮಾಡಿ.

ಯಲಬುರ್ಗಾ ಕಡೆಯವ

ಒಬ್ಬ ಅಜ್ಜಿ ಇದ್ದಾರೆ. ಗದ್ದುಗೆ ಕಸ ಹೊಡೆದು ದೀಪ ಹಚ್ಚುವವರು ಅವರೇ. ಬಾಗಿಲ ಪಕ್ಕದ ಕೋಣೆಯಲ್ಲಿ ಮೊದಲಿಂದಲೂ ಇದ್ದಾರೆ. ಒಳ್ಳೆಯ ಪ್ರಶ್ನೆ ಕೇಳಿದಿರಿ. ಊರಿನ ಎರಡೂ ಗುಂಪಿನವರು ಅವರನ್ನು ಇನ್ನೂ ಮಾತಾಡಿಸಿಲ್ಲ.

ಆನೆಗೊಂದಿ ಅಕ್ಕ

ಅಜ್ಜಿಯನ್ನು ಅಲ್ಲೇ ಇರಲು ಬಿಡಿ. ಬೀಗದ ಕೈ ಅವರ ಹತ್ತಿರವೇ ಇರಲಿ. ತಿಂಗಳಿಗೆ ಇಷ್ಟು ಅಂತ ಸಂಬಳ ಕೊಡಿ. ಯಾವ ಕಮಿಟಿಯೂ ಅವರಷ್ಟು ಚೆನ್ನಾಗಿ ನೋಡಿಕೊಳ್ಳುವುದಿಲ್ಲ.

ಪೆರುವಿನ ಅರೆಕಿಪಾ ಊರಿನ ಸಾಂತಾ ಕಟಲಿನಾ ಬಗ್ಗೆ ಇಲ್ಲಿ ಯಾರೂ ಹೇಳಲಿಲ್ಲ. 1579ರಲ್ಲಿ ಶುರುವಾದ ಸನ್ಯಾಸಿನಿಯರ ಮಠ. ಊರೊಳಗೆ ಇನ್ನೊಂದು ಊರು, ಒಳಗೇ ಬೀದಿಗಳಿವೆ. ಸುಮಾರು ನಾಲ್ಕು ಶತಮಾನ ಹೊರಗಿನವರಿಗೆ ಬಾಗಿಲೇ ಇಲ್ಲ. 1958 ಮತ್ತು 1960ರ ಭೂಕಂಪದಲ್ಲಿ ತುಂಬಾ ಪೆಟ್ಟು ಬಿತ್ತು. ದುರಸ್ತಿಗೆ ದುಡ್ಡು ಬೇಕಿತ್ತು. 1970ರಲ್ಲಿ ದೊಡ್ಡ ಭಾಗವನ್ನು ಜನರಿಗೆ ತೆರೆದು, ತಾವು ಒಂದು ಮೂಲೆಯ ಭಾಗದಲ್ಲಿ ಉಳಿದರು. ಈಗಲೂ ಅಲ್ಲಿ ಸನ್ಯಾಸಿನಿಯರು ಇದ್ದಾರೆ. ಪ್ರವಾಸಿಗಳಿಗೆ ಬೇರೆ ಜಾಗ, ಅವರಿಗೆ ಬೇರೆ. ನಿಮ್ಮ ಗದ್ದುಗೆಗೂ ಹೀಗೇ ಮಾಡಬಹುದು. ಗದ್ದುಗೆಗೆ ಬೇರೆ ಬಾಗಿಲು, ಓದುವವರಿಗೆ ಬೇರೆ ಬಾಗಿಲು. ಚಪ್ಪಲಿ ಜಗಳವೂ ಬರುವುದಿಲ್ಲ.

ಇನ್ನೊಂದು. ಗ್ರಂಥಾಲಯ ಅಂದರೆ ಹುಡುಗರ ಅಡ್ಡಾ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ಹೆಣ್ಣುಮಕ್ಕಳು ಸಂಜೆ ಮನೆ ಹೊರಗೆ ಕೂರಲು ಒಂದು ಜಾಗ ತೋರಿಸಿ ನೋಡೋಣ. ಗುಡಿ ಕಟ್ಟೆ ಗಂಡಸರದ್ದು, ಅರಳಿಕಟ್ಟೆ ಗಂಡಸರದ್ದು, ಚಹಾ ಅಂಗಡಿ ಗಂಡಸರದ್ದು. ನಾಲ್ಕು ಕಡೆ ಪಡಸಾಲೆ ಇದೆ ಅಲ್ವಾ? ಒಂದು ಕಡೆಯದ್ದು ಹೆಣ್ಣುಮಕ್ಕಳಿಗೆ ಬಿಡಿ. ಓದುವವರು ಓದಲಿ, ಕೌದಿ ಹೊಲಿಯುವವರು ಹೊಲಿಯಲಿ. ನಮ್ಮ ಆನೆಗೊಂದಿಯಲ್ಲಿ ಬಾಳೆನಾರಿನ ಬುಟ್ಟಿ ಹೆಣೆಯಲು ಹೆಂಗಸರು ಒಟ್ಟಿಗೆ ಕೂರುವ ಜಾಗ ಆಯಿತು ನೋಡಿ, ಆಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು.

ನಿದ್ದೆಗೆಟ್ಟವ ಸಿಂಧನೂರು

ಅಕ್ಕಾ, ಒಪ್ಪಿದೆ. ನನ್ನ ತಂಗಿಯೂ ಓದುತ್ತಿದ್ದಾಳೆ. ಆ ರೀಡಿಂಗ್ ರೂಮಿಗೆ ಅವಳನ್ನು ಕಳಿಸಲು ಮನೆಯಲ್ಲಿ ಒಪ್ಪುವುದಿಲ್ಲ.

ಮುದಗಲ್ ಕೋಟೆ ಬಾಗಿಲು

ಎಲ್ಲ ಓದಿದೆ. ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ, ಸಿಟ್ಟಾಗಬೇಡಿ. ಮಠ ಯಾರದ್ದು? ಅಲ್ಲಿ ನಮ್ಮ ಓಣಿಯ ಹುಡುಗ ಬಂದು ಕಂಬಕ್ಕೆ ಒರಗಿ ಕೂತು ಓದಬಹುದಾ? "ಯಾರು ಬೇಕಾದರೂ ಬರಬಹುದು" ಅಂತ ಫಲಕ ಹಾಕುವುದು ಸುಲಭ. ಮೊದಲ ದಿನ ಒಬ್ಬರು ಹುಬ್ಬು ಗಂಟು ಹಾಕಿದರೆ ಸಾಕು, ಎರಡನೇ ದಿನ ಆ ಹುಡುಗ ಬರುವುದಿಲ್ಲ. ಗೋವಾದ ಮ್ಯೂಸಿಯಮ್ಮಿನಲ್ಲಿ ನಾನು ಟಿಕೆಟ್ ತಗೊಂಡೆ, ಒಳಗೆ ಹೋದೆ, ಯಾರೂ ಯಾವ ಊರು, ಯಾವ ಓಣಿ ಅಂತ ಕೇಳಲಿಲ್ಲ. ನನಗೆ ವೈಸರಾಯ್‌ಗಳ ಚಿತ್ರಕ್ಕಿಂತ ಅದೇ ಜಾಸ್ತಿ ಇಷ್ಟವಾಯಿತು.

ಯಲಬುರ್ಗಾ ಕಡೆಯವ

ಸಿಟ್ಟು ಯಾಕೆ? ನಮ್ಮೂರಲ್ಲೂ ಆ ಹುಬ್ಬು ಗಂಟು ಹಾಕುವವರು ಇದ್ದಾರೆ. ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಮಠದ ಹೆಸರಲ್ಲೇ ಗ್ರಂಥಾಲಯ ನಡೆದರೆ ನೀವು ಹೇಳಿದಂತೆಯೇ ಆಗುತ್ತದೆ. ಅದಕ್ಕೇ ಟೀಚರ್ ಹೇಳಿದ ದಾರಿ ನನಗೆ ಹಿಡಿಸಿತು. ಜಾಗ ಮಠದ್ದೇ ಇರಲಿ. ಗದ್ದುಗೆ ಬಿಟ್ಟು ಉಳಿದದ್ದನ್ನು ಪಂಚಾಯಿತಿಗೆ ಲೀಸ್ ಕೊಡಲಿ. ಬಾಗಿಲ ಮೇಲೆ ಸರ್ಕಾರದ ಹೆಸರು ಇರಲಿ. ಆಗ ಯಾರನ್ನಾದರೂ ತಡೆದರೆ ಅದು ಊರ ಮಾತು ಆಗುವುದಿಲ್ಲ, ಕಾನೂನಿನ ಮಾತು ಆಗುತ್ತದೆ. ಹೊಸ ಮಠದ ಸ್ವಾಮಿಗಳು ಇದಕ್ಕೆ ಒಪ್ಪಬಹುದು ಅಂತ ನನ್ನ ನಂಬಿಕೆ. ಕಮಿಟಿಯವರೇ ಕಷ್ಟ.

ಮುದಗಲ್ ಕೋಟೆ ಬಾಗಿಲು

ಲೀಸ್ ಪತ್ರದಲ್ಲೇ ಅದನ್ನು ಬರೆಸಿ. ಬಾಯಿಮಾತು ಬೇಡ.

ಕೌಲ್‌ಬಜಾರ್ ಹುಡುಗ

ಸರಿ ಮಾರಾಯರೇ, ಕಲ್ಯಾಣ ಮಂಟಪ ಬಿಟ್ಟೆ. ಆದರೆ ಛಾವಣಿ ದುಡ್ಡಿನ ಮಾತು ಇನ್ನೂ ಮುಗಿದಿಲ್ಲ. ವರ್ಷಕ್ಕೆ ಒಂದೆರಡು ಕಾರ್ಯಕ್ರಮಕ್ಕೆ ಅಂಗಳ ಬಾಡಿಗೆಗೆ ಕೊಡಿ. ವಚನ ಗಾಯನ, ಬಯಲಾಟ, ಕಿನ್ನಾಳದ ಗೊಂಬೆ ಮಾರಾಟ. ಒಲೆ ಹೂಡುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ಆ ದುಡ್ಡು ಛಾವಣಿಗೇ ಅಂತ ಬೇರೆ ಖಾತೆ. ಇಷ್ಟಕ್ಕಾದರೂ ಒಪ್ಪುತ್ತೀರಾ ಮೇಸ್ತ್ರಿ?

ಗಾರೆ ಮೇಸ್ತ್ರಿ ಗಂಗಾವತಿ

ಬಯಲಾಟಕ್ಕೆ ಒಪ್ಪಿದೆ. ನಾನೇ ಬರುತ್ತೇನೆ.

ರಾಯಚೂರು ಟೀಚರ್

ಯಲಬುರ್ಗಾದವರೇ, ಕೆಲಸ ಶುರು ಮಾಡುವ ಮೊದಲು ಕಟ್ಟಡದ ನಕ್ಷೆ, ಫೋಟೋ, ಶಾಸನ ಇದ್ದರೆ ಅದರ ಅಚ್ಚು ಎಲ್ಲ ಸೇರಿಸಿ ರಾಜ್ಯ ಪುರಾತತ್ವ ಇಲಾಖೆಗೆ ಒಂದು ಪತ್ರ ಹಾಕಿ. ಸಂರಕ್ಷಿತ ಪಟ್ಟಿಗೆ ಸೇರಲಿ ಬಿಡಲಿ, ಕಾಗದದ ಮೇಲೆ ದಾಖಲೆ ಆಯಿತು. ಒಂದು ಮುಂಜಾನೆ ಯಾರೋ ಜೆಸಿಬಿ ತಂದು ನಿಲ್ಲಿಸಿದರೆ ತೋರಿಸಲು ಏನಾದರೂ ಬೇಕಲ್ಲ.

ಯಲಬುರ್ಗಾ ಕಡೆಯವ

ಮಾಡುತ್ತೇನೆ ಟೀಚರ್. ಇವತ್ತು ಏಣಿ ಹಾಕಿ ಛಾವಣಿ ಹತ್ತಿ ನೋಡಿದೆ. ಪಡುವಣ ಮೂಲೆಯಲ್ಲಿ, ಚಪ್ಪಡಿ ಸಂದಿನಲ್ಲಿ ಒಂದು ಅರಳಿ ಗಿಡ ಬೆಳೆದಿದೆ. ಎದೆಮಟ್ಟ ಇದೆ. ನಾಳೆ ಇಬ್ಬರು ಹುಡುಗರನ್ನು ಕರೆದು ಕಿತ್ತು ಹಾಕಿಸಲಾ?

ಗಾರೆ ಮೇಸ್ತ್ರಿ ಗಂಗಾವತಿ

ಅಯ್ಯೋ, ಕೀಳಬೇಡಿ! ಬೇರು ಗೋಡೆಯೊಳಗೆ ಎಲ್ಲಿಯವರೆಗೆ ಹೋಗಿದೆ ಗೊತ್ತಿಲ್ಲ. ಎಳೆದರೆ ಅದರ ಜೊತೆ ಚಪ್ಪಡಿಯೂ ಬರುತ್ತದೆ. ಬುಡದಲ್ಲಿ ಕತ್ತರಿಸಿ. ಕತ್ತರಿಸಿದ ಕಡೆ ಔಷಧಿ ಹಚ್ಚಿ ಬೇರು ಸಾಯಲು ಬಿಡಬೇಕು. ಒಣಗಿದ ಮೇಲೆ ನಿಧಾನವಾಗಿ ತೆಗೆದು ಆ ಸಂದಿಗೆ ಸುಣ್ಣದ ಗಾರೆ ತುಂಬಬೇಕು. ಯಾವ ಔಷಧಿ, ಎಷ್ಟು ಅಂತ ಬಂದೇ ಹೇಳುತ್ತೇನೆ. ಭಾನುವಾರ ಗಂಗಾವತಿಯಿಂದ ಬೈಕಲ್ಲಿ ಬರುತ್ತೇನೆ, ಕೊಪ್ಪಳದಲ್ಲಿ ಯಾರಾದರೂ ಜೊತೆಯಾಗುವವರು ಇದ್ದರೆ ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ಆ ಮೂಲೆಯ ಕೆಳಗೆ ಯಾರನ್ನೂ ಕೂರಿಸಬೇಡಿ, ಅಜ್ಜಿಗೂ ಹೇಳಿ.